ರಾಹುಕಾಲದಲ್ಲಿ ಬಿಟ್ಟ ಮರಿಗಳು

ಹೊಗೆಸೊಪ್ಪಿನ ಸಸಿಮಡಿಗೆ ಹೊದಿಸಿದ ಪ್ಲಾಸ್ಟಿಕ್ಕನ್ನು ನಡುಮಧ್ಯಾಹ್ನ ಎತ್ತಬಾರದು ಅಂತ ನಮ್ಮಪ್ಪ ಸಾಯುವವರೆಗೂ ಹೇಳುತ್ತಿದ್ದ. ಈ ಸಲ ಮಾರ್ಚಿನಲ್ಲಿ ನಾನು ಎತ್ತಿದೆ. ಕಟ್ಟೆಮಳಲವಾಡಿಯ ನಮ್ಮ ಹೊಲ, ನೆತ್ತಿಯ ಮೇಲೆ ಸೂರ್ಯ. ಕಾದ ಪ್ಲಾಸ್ಟಿಕ್ಕು, ಅದರ ಒಳಮೈಯಲ್ಲಿ ಬೆವೆತ ನೀರು, ಎರಡೂ ಕೂಡಿದ ಬೆಚ್ಚನೆಯ ವಾಸನೆ ಮುಖಕ್ಕೆ ಬಡಿಯಿತು. ಸಸಿಗಳಿಗೆ ಏನೂ ಆಗಿರಲಿಲ್ಲ, ಆದದ್ದು ನನಗೆ. ಅಲ್ಲೇ ಬದುವಿನ ಮೇಲೆ ಕುಕ್ಕರಿಸಿಬಿಟ್ಟೆ. ಹೆಂಡತಿ ಓಡಿ ಬಂದು, "ಯಾಕ್ರೀ, ತಲೆ ಸುತ್ತು ಬಂತಾ?" ಅಂದಳು. ಹೂಂ ಅಂದೆ. ಇಲ್ಲ ಅಂದಿದ್ದರೆ ಏಳು ವರ್ಷದ ಹಿಂದಿನ ಒಂದು ವರ್ಷವನ್ನು ಅವಳ ಮುಂದೆ ಬಿಚ್ಚಬೇಕಾಗುತ್ತಿತ್ತು. ಮದುವೆಯಾಗಿ ಆರು ವರ್ಷವಾದರೂ ಅದನ್ನು ಅವಳಿಗೆ ಹೇಳಿಲ್ಲ.

ಆ ವರ್ಷ ನಾನು ಇದ್ದದ್ದು ಕಡವಿನಕೊಪ್ಪಲಿನಲ್ಲಿ. ಅಂತರಸಂತೆಯಿಂದ ಒಳಕ್ಕೆ ಹೋದರೆ, ಕಬಿನಿ ಹಿನ್ನೀರಿನ ದಂಡೆಗೆ ಅಂಟಿಕೊಂಡು ಮೂವತ್ತು ಚಿಲ್ಲರೆ ಮನೆಗಳು. ಒಂದು ಕಾಲಕ್ಕೆ ಅಲ್ಲಿಯವರು ಹರಿಗೋಲಿನಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದರಂತೆ. ಅಣೆಕಟ್ಟು ಬಂದ ಮೇಲೆ ಹೊಳೆ ಹೋಗಿ ಸಮುದ್ರದಂಥ ನೀರು ನಿಂತಿತು, ಆಚೆ ದಡ ಕಾಡಿನ ಪಾಲಾಯಿತು, ದಾಟುವವರೇ ಇಲ್ಲವಾದರು. ಹುಟ್ಟು ಹಾಕುತ್ತಿದ್ದವರು ಬಲೆ ಹಿಡಿದರು. ಆದರೆ ನೀರೊಳಗಿನ ಮೀನೆಲ್ಲ ಗುತ್ತಿಗೆದಾರನದು. ಹಿಡಿದದ್ದನ್ನು ಅವನ ತಕ್ಕಡಿಗೇ ಸುರಿಯಬೇಕು. ಮನೆಯ ಸಾರಿಗೆಂದು ಎರಡು ಜಿಲೇಬಿ ಮೀನು ಸೆರಗಿನಲ್ಲಿ ಕಟ್ಟಿಕೊಂಡು ಬಂದರೂ ಕಳ್ಳತನ. ಅದಕ್ಕೇ ಗಂಡಸರಲ್ಲಿ ಮುಕ್ಕಾಲು ಪಾಲು ಕೊಡಗಿನ ಕಾಫಿ ತೋಟಗಳಿಗೆ ಹೋಗುತ್ತಿದ್ದರು. ಕೆಲವರು ಹೆಂಡತಿ ಮಕ್ಕಳ ಸಮೇತ ಹೋಗಿ, ತೋಟದ ಸಾಹುಕಾರರು ಆಳುಗಳಿಗೆಂದು ಸಾಲಾಗಿ ಕಟ್ಟಿಸಿದ ಲೈನ್ ಮನೆಗಳಲ್ಲೇ ಉಳಿದುಬಿಟ್ಟಿದ್ದರು. ನಾನು ಹೋದಾಗ ಊರಲ್ಲಿ ಒಂಬತ್ತು ಮನೆಗೆ ಬೀಗ ಬಿದ್ದಿತ್ತು.

ನಾನು ಒಂದು ಸ್ವಯಂಸೇವಾ ಸಂಸ್ಥೆಯ ಕೆಲಸಕ್ಕೆ ಸೇರಿದ್ದೆ. ಹೆಂಗಸರ ಸಂಘ ಕಟ್ಟಿಸಿ ಮೀನು ಸಾಕುವುದನ್ನು ಕಲಿಸುವುದು ನನ್ನ ಜವಾಬ್ದಾರಿ. ತಮಾಷೆ ಅಂದರೆ ನಮ್ಮ ಮನೆಯಲ್ಲಿ ಮೀನು ಹೊಸಿಲು ದಾಟಿದ್ದಿಲ್ಲ. ನನಗೆ ಗೊತ್ತಿದ್ದದ್ದೆಲ್ಲ ಹದಿನೈದು ದಿನದ ತರಬೇತಿಯಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡದ್ದು. ಮೊದಲ ದಿನವೇ ಯಾರದೋ ಮನೆಯಲ್ಲಿ ಊಟಕ್ಕೆ ಕರೆದು ಎಲೆ ಹಾಕಿದರು. ಮೀನಿನ ಸಾರು ನೋಡಿ ನಾನು ಮುದ್ದೆಯನ್ನು ಬರೀ ಉಪ್ಪಿನಕಾಯಿಯಲ್ಲಿ ನುಂಗಿದೆ. "ತಿನ್ನಾಕೇ ಬರದೋರು ಸಾಕೋದ ಕಲಿಸ್ತಾರಂತೆ ಕಣಮ್ಮಿ!" ಅಂತ ದೇವಮ್ಮ ಅನ್ನುವ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವತ್ತಿನಿಂದ ಊರಿಗೆಲ್ಲ ನಾನು ಮೀನ್ಮೇಷ್ಟ್ರು.

ಸಂಸ್ಥೆಯವರು ಒಂದು ಲ್ಯಾಪ್‌ಟಾಪು, ಅದರಲ್ಲಿ ಒಂದು ವಿಡಿಯೋ ಕೊಟ್ಟಿದ್ದರು. ಇಂಡೋನೇಷ್ಯಾ ಅನ್ನುವ ದೇಶದ ಯಾವುದೋ ಸಣ್ಣ ಕಡಲೂರು. ಅಲ್ಲಿಯೂ ಮೀನು ಕಡಿಮೆಯಾಗಿದೆ, ವಯಸ್ಸಿನವರು ಪಟ್ಟಣ ಸೇರಿದ್ದಾರೆ, ಉಬ್ಬರ ಬಂದಾಗ ಉಪ್ಪುನೀರು ಮನೆಯೊಳಕ್ಕೇ ಬರುತ್ತದೆ. ಉಳಿದ ಹೆಂಗಸರು ಸೇರಿ ನೀರಿನ ಒಂದು ಮೂಲೆಗೆ ಬಲೆಯ ಬೇಲಿ ಹಾಕಿ ಮರಿ ಬಿಡುತ್ತಾರೆ. ಮರಿಗಳು ನೀರಿಗೆ ಇಳಿಯುವಲ್ಲಿಗೆ ವಿಡಿಯೋ ಮುಗಿಯುತ್ತದೆ. ಅಂಗನವಾಡಿಯ ಕೋಣೆಯಲ್ಲಿ ಕಿಟಕಿಗೆ ಗೋಣಿ ಕಟ್ಟಿ ಕತ್ತಲು ಮಾಡಿ ಇದನ್ನು ತೋರಿಸಿದೆ. "ನೋಡ್ರವ್ವ, ಅವರ್ ಮನೇಗೂ ನೀರ್ ನುಗ್ತದೆ," ಅಂದಳು ದೇವಮ್ಮ. ಹಿಂದೆ ಗೋಡೆಗೆ ಒರಗಿ ನಿಂತಿದ್ದ ಒಬ್ಬಳು ಮಾತ್ರ, "ಆಮೇಕೇನಾಯ್ತು ಸಾ?" ಅಂದಳು.

"ಅಷ್ಟೇ. ಮುಗೀತು."

"ವಿಡಿಯೋ ಮುಗೀತು ಸಾ. ಅವರ್ ಪಾಡು ಏನಾಯ್ತು?"

ನನಗೇನು ಗೊತ್ತು? "ಚೆನ್ನಾಗಿದ್ದಾರೆ," ಅಂದೆ. ಆ ಊರಿನಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು.

ಕೇಳಿದವಳು ಚಿಕ್ಕತಾಯಿ. ಮೂವತ್ತೈದರ ಆಸುಪಾಸು, ಒಣಕಲು ಮೈ, ಜೋರು ನಡಿಗೆ. ಗಂಡ ನಾಗರಾಜ ಕೊಡಗಿನ ತೋಟದಲ್ಲಿದ್ದ, ಶನಿವಾರ ಬಂದು ಸೋಮವಾರ ಹೋಗುವವನು. ಒಬ್ಬಳೇ ಮಗಳು ಸವಿತಾ ಅಂತರಸಂತೆಯ ಹೈಸ್ಕೂಲಿನಲ್ಲಿ, ಆ ಜೂನಿಗೆ ಒಂಬತ್ತನೇ ಕ್ಲಾಸು. ಸಂಘಕ್ಕೆ ಹೆಸರು ಕೊಡುವಾಗ ಚಿಕ್ಕತಾಯಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ್ದಳು: "ಸಾ, ನಮ್ಮನೆಯೋರು ಎಲ್ರೂ ಲೈನ್ ಮನೆಗೆ ಓಗ್ಬುಡಾನ ಅಂತವ್ರೆ. ಓದ್ರೆ ಮಗೀನ ಓದು ಅಲ್ಲಿಗೇ ನಿಂತೋಯ್ತದೆ, ಅವಳೂ ಕಾಫಿ ಕುಯ್ಯೋಕೇ ಬೀಳ್ತಾಳೆ. ಒಂದ್ ವರ್ಷ ತಡೀರಿ, ಮೀನು ಬತ್ತದೆ ಅಂತ ಬಾಯ್ಬುಟ್ಟು ಯೋಳಿವ್ನಿ. ನನ್ ಮಾತು ಉಳಿಸಿ ಸಾ." ಇದು ಅವಳ ಲೆಕ್ಕ. ಉಳಿದವರಿಗೆ ಸಂಘ ಬಂದರೆ ಬಂತು, ಹೋದರೆ ಹೋಯಿತು. ಅವಳಿಗೆ ಹಾಗಲ್ಲ.

ಸಂಸ್ಥೆಯವರು ಓಡಾಡಿ ದಂಡೆಯೊಳಕ್ಕೆ ಚಾಚಿಕೊಂಡ ಹಿನ್ನೀರಿನ ಒಂದು ಸಣ್ಣ ತೋಳನ್ನು ಸಂಘದ ಹೆಸರಿಗೆ ಮಾಡಿಸಿಕೊಟ್ಟರು. ಷರತ್ತು ಒಂದೇ: ವರ್ಷದೊಳಗೆ ಮೀನು ಬೆಳೆದು ತೋರಿಸಬೇಕು, ಇಲ್ಲದಿದ್ದರೆ ನೀರು ಮತ್ತೆ ಗುತ್ತಿಗೆಗೆ ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಹಿಂದಕ್ಕೆ ಸರಿದು ಬಿರುಕು ಬಿಟ್ಟ ಮೆಕ್ಕಲು ಕಾಣುವಾಗ ತೋಳಿನ ಬಾಯಿಗೆ ಬಿದಿರು ನೆಟ್ಟು ಬೇಲಿ ಹಾಕಲು ಶುರು ಮಾಡಿದೆವು. ಬಲೆ ಸಾಲಲಿಲ್ಲ. ಆಗ ಊರಿನ ಯಜಮಾನ ಕಾಳಯ್ಯ ತನ್ನ ಅಟ್ಟದಿಂದ ಮೂರು ದೊಡ್ಡ ಬಲೆ ಇಳಿಸಿ ಹೊತ್ತು ತಂದ. ಎಪ್ಪತ್ತು ದಾಟಿದ ಮುದುಕ, ಚಿಕ್ಕತಾಯಿಯ ಮಾವನ ಅಣ್ಣ. ಇಂಥವರನ್ನು ಕೆಟ್ಟವರು ಅಂತ ಬರೆದುಬಿಟ್ಟರೆ ಬರೆಯುವವರಿಗೆ ಸುಲಭ. ಕಾಳಯ್ಯ ಕೆಟ್ಟವನಲ್ಲ. "ಈ ಬಲೆ ಜನ್ಮೆಲ್ಲ ಕಂಡೋರ್ಗೆ ದುಡೀತು ಮೇಷ್ಟ್ರೇ. ಕೊನೇಲಾದ್ರೂ ನಮ್ಮೆಣ್ಮಕ್ಕಳಿಗೆ ಆಗ್ಲಿ," ಅಂದ. ಹೆಂಗಸರು ಸಾಲಾಗಿ ಕೂತು ಹರಿದ ಕಣ್ಣುಗಳನ್ನು ಹೆಣೆದರು. ನಾನೂ ಒಂದು ಸೂಜಿ ಹಿಡಿದೆ. ನಾನು ಹೆಣೆದದ್ದನ್ನು ಚಿಕ್ಕತಾಯಿ ಸದ್ದಿಲ್ಲದೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು.

ಅಲ್ಲಿಯ ಮಳೆಗಾಲವೇ ಒಂದು ವಿಚಿತ್ರ. ನಮ್ಮ ತಲೆಯ ಮೇಲೆ ಹನಿ ಬೀಳದಿದ್ದರೂ ವಯನಾಡಿನಲ್ಲಿ ಸುರಿದದ್ದು ಇಲ್ಲಿ ಬಂದು ಏರುತ್ತದೆ. ಜೂನಿನ ಒಂದು ಬೆಳಿಗ್ಗೆ ಎದ್ದು ನೋಡಿದರೆ ನಾವು ನಡೆದಾಡಿದ್ದ ಮೆಕ್ಕಲೆಲ್ಲ ಕೆಂಪು ನೀರಿನಡಿ ಹೋಗಿತ್ತು, ಬೇಲಿಯ ಬಿದಿರು ಮಾತ್ರ ಮೊಳದಷ್ಟು ಕಾಣುತ್ತಿತ್ತು. ಚಿಕ್ಕತಾಯಿ ಹರಿಗೋಲಿನಲ್ಲಿ ಹೋಗಿ ಬೇಲಿಯ ಉದ್ದಕ್ಕೂ ಕೈಯಾಡಿಸಿ ಬಂದಳು. "ಒಂದ್ ಕಣ್ಣೂ ಬುಟ್ಟಿಲ್ಲ ಸಾ," ಅಂದಳು. ಅಷ್ಟು ಖುಷಿಯಾಗಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಎರಡೇ ಸಲ. ಇದು ಮೊದಲನೆಯದು. ಜುಲೈಯಲ್ಲಿ ಅವಳನ್ನೂ ದೇವಮ್ಮನನ್ನೂ ಮರಿ ಸಾಕುವ ಕಡೆಗೆ ಮೂರು ದಿನ ತರಬೇತಿಗೆ ಕರೆದುಕೊಂಡು ಹೋದೆ. ಮರಿಗಳನ್ನು ನೀರು, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ತರುತ್ತಾರೆ, ಬಿಸಿಲಿಗೆ ಇಡಬಾರದು, ಚೀಲವನ್ನು ಕಾಲು ಗಂಟೆ ಕೆರೆಯ ನೀರಿನಲ್ಲೇ ತೇಲಿಬಿಟ್ಟು, ಒಳನೀರು ಹೊರನೀರು ಒಂದೇ ಹದಕ್ಕೆ ಬಂದ ಮೇಲೆ ಬಾಯಿ ಬಿಚ್ಚಬೇಕು. ಇದನ್ನೆಲ್ಲ ನಾನು ಬರೆದುಕೊಂಡೆ, ಚಿಕ್ಕತಾಯಿ ಕೈಯಾರೆ ಮಾಡಿ ನೋಡಿದಳು.

ಮರಿಗಳು ಬಂದದ್ದು ಆಗಸ್ಟಿನ ಒಂದು ಬುಧವಾರ. ಬೆಳಿಗ್ಗೆ ಎಂಟಕ್ಕೆ ಬರಬೇಕಾದ ಗಾಡಿ ದಾರಿಯಲ್ಲಿ ಪಂಕ್ಚರ್ ಆಗಿ ಹನ್ನೊಂದೂವರೆಗೆ ಬಂತು. ವಾರದಿಂದ ಮೋಡ ಕಟ್ಟಿದ್ದ ಆಕಾಶ ಅವತ್ತೇ ಬಿರಿದು, ಬಿಸಿಲು ಚುರ್ರೆನ್ನುತ್ತಿತ್ತು. ಇಪ್ಪತ್ನಾಲ್ಕು ಚೀಲ, ಒಂದೊಂದರಲ್ಲೂ ಬೆರಳುದ್ದದ ಕಾಟ್ಲಾ ಮರಿಗಳು. ಎಲ್ಲ ಚುರುಕಾಗಿದ್ದವು. ಆಗಲೇ ನೀರಿಗಿಳಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಆದರೆ ಕಡವಿನಕೊಪ್ಪಲಿನವರ ಪಾಲಿಗೆ ಅದು ಮೀನುಮರಿ ಬಿಡುವುದಲ್ಲ, ಗಂಗಮ್ಮನ ಮಡಿಲು ತುಂಬುವುದು. ಊರ ಇತಿಹಾಸದಲ್ಲೇ ಮೊದಲ ಸಲ ಅವರದೇ ಅಂತ ಆದ ನೀರು. ತವರಿಗೆ ಬಂದ ಮಗಳಿಗೆ ಮಾಡುವಷ್ಟು ಸಂಭ್ರಮ ಮಾಡಿದ್ದರು. ದಡದ ಮರಳ ಮೇಲೆ ಚೀಲಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂ ಇಟ್ಟರು. ಎಲ್ಲ ಮುಗಿಸಿ ಕಾಯಿ ಒಡೆಯಬೇಕು ಅನ್ನುವಾಗ ಕಾಳಯ್ಯ ಕೈ ತಡೆದ. "ಅನ್ನೆರಡು ಒಡೀತಲ್ರಪ್ಪ! ಬುಧವಾರ ಅನ್ನೆರಡ್ರಿಂದ ರಾಹುಕಾಲ. ಮಡ್ಲು ತುಂಬೋ ಒತ್ತಲ್ಲ ಇದು. ಒಂದೂವರೆಗಂಟ ತಡೀರಿ."

ನಾನು ಮುಂದೆ ಹೋದೆ. "ಅಯ್ಯ, ಮರಿಗೆ ಬಿಸಿಲು ತಡೆಯುವುದಿಲ್ಲ."

"ಒಂದೂವರೆ ಗಂಟೆ ತಾನೇ ಮೇಷ್ಟ್ರೇ. ಅಷ್ಟು ದೂರದಿಂದ ಬಂದಿಲ್ವಾ?"

"ನೆರಳಿಗಾದರೂ ಇಡೋಣ. ಒದ್ದೆ ಗೋಣಿ ಮುಚ್ಚೋಣ."

ಕಾಳಯ್ಯ ನನ್ನನ್ನು ಪಾಪದ ಹುಡುಗನನ್ನು ನೋಡುವ ಹಾಗೆ ನೋಡಿದ. "ತಾಯಿ ಕಣ್ಮುಂದೆ ಇಟ್ಟ ಮಡ್ಲಕ್ಕಿನ ಯಾರಾರ ಗೋಣಿ ಆಕಿ ಮುಚ್ತಾರಾ? ಇಟ್ಟದ್ದ ಎತ್ತಿ ಆಚೆ ಇಡ್ತಾರಾ? ನಿಮ್ ಕಡೆ ಎಂಗೋ, ನಮ್ ಕಡೆ ಇಲ್ಲಪ್ಪ." ಸುತ್ತ ನಿಂತವರು ತಲೆಯಾಡಿಸಿದರು. ನಾನು ಹಿಂದಕ್ಕೆ ಬಂದೆ. ಕೂಗಾಡಬಹುದಿತ್ತು. ಸಂಸ್ಥೆಗೆ ಫೋನ್ ಮಾಡಬಹುದಿತ್ತು. ಊರವರ ಮನಸ್ಸು ನೋಯಿಸಬೇಡಿ ಅಂತ ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನು ನೆಪ ಮಾಡಿಕೊಂಡೆ. ನಿಜ ಹೇಳಬೇಕೆಂದರೆ ಅಷ್ಟು ಜನರ ಎದುರು ನಿಲ್ಲುವ ಗಂಡಸುತನ ನನ್ನಲ್ಲಿರಲಿಲ್ಲ.

ಜನ ಹುಣಸೆಮರದ ನೆರಳು ಸೇರಿದರು. ಮರಿಗಳು ಬಿಸಿಲಲ್ಲಿ ಉಳಿದವು. ಹನ್ನೆರಡೂವರೆಯ ಹೊತ್ತಿಗೆ ಚಿಕ್ಕತಾಯಿ ನನ್ನ ಹತ್ತಿರ ಬಂದಳು. "ಸಾ, ಚೀಲ ಮುಟ್ಟಿ ನೋಡಿ." ಮುಟ್ಟಿದೆ. ಕೂಸಿಗೆ ಎರೆಯುವ ನೀರಿನಷ್ಟು ಬೆಚ್ಚಗಿತ್ತು. ಕಾದ ಪ್ಲಾಸ್ಟಿಕ್ಕಿನ ವಾಸನೆ. ಮರಿಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದವು.

"ಸಾಯ್ತವೆ ಸಾ."

"ಇನ್ನೇನು, ಸ್ವಲ್ಪ ಹೊತ್ತು," ಅಂದೆ.

ಅವಳು ಮರದ ಕಡೆ ನೋಡಿ ದನಿ ತಗ್ಗಿಸಿದಳು. "ತುದೀಲಿರೋದು ಒಂದ್ ಚೀಲನಾರ ಇಳಿಸ್ಬುಡ್ಲಾ? ಬಂಡೆ ಮರೇಲಿ. ನೀವು ಹೂಂ ಅಂದ್ರೆ ಇಳಿಸ್ತೀನಿ, ಇಲ್ದಿದ್ರೆ ಇಲ್ಲ."

ನಾನೂ ಮರದ ಕಡೆ ನೋಡಿದೆ. ಕಾಳಯ್ಯ ಎಲೆಯಡಿಕೆ ಹಾಕುತ್ತಿದ್ದ. "ಹೂಂ, ಇಳಿಸಿ. ಬೇಗ," ಅಂದೆ.

ಅವಳು ಚೀಲವನ್ನು ಕೂಸಿನಂತೆ ಎದೆಗವಚಿಕೊಂಡು ಬಂಡೆಯ ಮರೆಗೆ ಹೋದಳು. ನಾನು ಕಾವಲು ನಿಂತೆ. ಅಲ್ಲಿ ನೆರಳಿತ್ತು, ನೀರು ತಣ್ಣಗಿತ್ತು. ಚೀಲವನ್ನು ಕಾಲು ಗಂಟೆ ತೇಲಿಸಿ, ಒಳಕ್ಕೆ ಸ್ವಲ್ಪ ಸ್ವಲ್ಪವೇ ಹೊರನೀರು ಬಿಟ್ಟು, ಬಾಯಿ ಬಿಚ್ಚಿ ಓರೆ ಮಾಡಿದಳು. ಮೊದಲು ಒಂದೆರಡು ಮರಿ ಬಂದವು. ಆಮೇಲೆ ಹಿಡಿ ರಾಗಿ ಚೆಲ್ಲಿದ ಹಾಗೆ ಎಲ್ಲವೂ ಚದುರಿ, ತಿರುಗಿ, ಆಳಕ್ಕೆ ಹೋದವು. ಒಂದೂ ಮೇಲೆ ಉಳಿಯಲಿಲ್ಲ. ಚಿಕ್ಕತಾಯಿ ತಲೆಯೆತ್ತಿ ನನ್ನನ್ನು ನೋಡಿ ನಕ್ಕಳು. ಅದು ಎರಡನೆಯ ಸಲ.

ಒಂದೂವರೆಗೆ ಎಲ್ಲರೂ ಎದ್ದು ಬಂದರು. ಕಾಯಿ ಒಡೆದರು. ಚೀಲ ಎತ್ತಿಕೊಡುತ್ತಿದ್ದ ದೇವಮ್ಮ, "ಇಪ್ಪತ್ಮೂರೇ ಅವೆ. ಇನ್ನೊಂದು?" ಅಂದಳು. ಚಿಕ್ಕತಾಯಿಯ ಸೊಂಟದಲ್ಲಿ ಖಾಲಿ ಚೀಲ ಸಿಕ್ಕಿಸಿದ್ದು ಎಲ್ಲರಿಗೂ ಕಂಡಿತು. ಅವಳು ಸುಳ್ಳು ಹೇಳುವವಳಲ್ಲ. "ನಾನು ಬುಟ್ಟೆ ಮಾವ. ಸಾಯ್ತಿದ್ವು, ಅದ್ಕೆ," ಅಂದಳು.

"ಯಾವಾಗ?"

"ಆಗ್ಲೇ."

"ರಾಹುಕಾಲದಲ್ಲಾ?" ಕಾಳಯ್ಯ ಕೈಯಲ್ಲಿದ್ದ ಕಾಯಿಹೋಳನ್ನು ಕೆಳಗಿಟ್ಟ. ಅವನು ಬೈಯಲಿಲ್ಲ. ನೀರಿಗೆ ಕೈಮುಗಿದು, "ಎಣ್ಮಗಳು ತಿಳೀದೆ ಮಾಡವ್ಳೆ, ಒಟ್ಟೆಗಾಕ್ಕೋ ತಾಯಿ," ಅಂದ. ಚಿಕ್ಕತಾಯಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಜನವೂ ನೋಡುತ್ತಿದ್ದರು. ಬೇಕೆಂದೇ ನೋಡಲಿಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು.

ಇಪ್ಪತ್ಮೂರು ಚೀಲದ ಬಾಯಿ ಬಿಚ್ಚಿದರು. ಮರಿಗಳು ಪಕ್ಕಕ್ಕೆ ವಾಲಿಕೊಂಡು ನೀರ ಮೇಲೆ ಜಾರಿದವು. ಕೆಲವು ಒಂದು ಸಲ ಬಾಲ ಬಡಿದು ಸುಮ್ಮನಾದವು. ಆ ಹೊತ್ತಿಗೂ ದೂರ ನಿಂತಿದ್ದ ಹೆಂಗಸರು ಏನೂ ತಿಳಿಯದೆ ಸೋಬಾನೆ ಹಾಡುತ್ತಿದ್ದರು, ನನ್ನ ಮೊಬೈಲಿನಲ್ಲಿ ನಾನು ಸಂಸ್ಥೆಗೆ ಕಳಿಸಬೇಕಾದ ಫೋಟೋ ತೆಗೆಯುತ್ತಿದ್ದೆ. ಮಾರನೆಯ ಬೆಳಿಗ್ಗೆ ದಡದ ಉದ್ದಕ್ಕೂ ಬೆಳ್ಳಗೆ ಒಂದು ಗೆರೆ. ಅದರ ಮೇಲೆ ಕೊಕ್ಕರೆಗಳು ತಿಂದು ತಿಂದು ಸಾಕಾಗಿ ಸುಮ್ಮನೆ ನಿಂತಿದ್ದವು.

ಅವತ್ತೇ ಹುಣಸೆಮರದಡಿ ಊರು ಕೂಡಿತು. ಯಾರೂ ಕೂಗಾಡಲಿಲ್ಲ. ಸಾವಿನ ಮನೆಯ ಹಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಅಂತ ಮುದುಕಿಯರು ಕಣ್ಣೊರೆಸಿಕೊಂಡರು. ಕಾಳಯ್ಯ ನನ್ನನ್ನು ಕರೆದು ಮುಂದೆ ಕೂರಿಸಿದ. "ಮೇಷ್ಟ್ರೇ, ನೀವು ಓದಿದೋರು. ನೀವು ಯೋಳ್ದಂಗೆ ಕೇಳ್ತೀವಿ. ಗಾಡಿಯಿಂದ ಇಳಿಸ್ದಾಗ ಮರಿ ಎಂಗಿದ್ವು?"

"ಚೆನ್ನಾಗಿದ್ದವು," ಅಂದೆ.

"ರೋಗ ಗೀಗ?"

"ಇಲ್ಲ."

"ನೀರಲ್ಲಿ ಏನಾರ ದೋಷ?"

"ಇಲ್ಲ. ನಾನೇ ನೋಡಿದ್ದೆ."

ಕಾಳಯ್ಯ ಊರಿನ ಕಡೆ ತಿರುಗಿ, ಇನ್ನೇನು ಹೇಳುವುದಿದೆ ಅನ್ನುವಂತೆ ಕೈಚೆಲ್ಲಿದ. ನಾನು ಹೇಳಿದ ಮೂರೂ ಮಾತು ನಿಜವೇ. ಆ ಮೂರು ನಿಜ ಸೇರಿ ಚಿಕ್ಕತಾಯಿಯ ಕತ್ತು ಹಿಡಿದವು. ನಾಲ್ಕನೆಯದೊಂದು ಬಾಕಿ ಇತ್ತು: ಬಿಸಿಲು ಕೊಂದಿತು, ನಾವು ಕಾಯಿಸಿದ್ದು ಕೊಂದಿತು, ಅವಳು ಇಳಿಸಿದ ಚೀಲದ ಮರಿಗಳು ಬದುಕಿ ಹೋದದ್ದನ್ನು ನಾನು ಕಣ್ಣಾರೆ ಕಂಡೆ, ಇಳಿಸು ಅಂದವನೂ ನಾನೇ. ಬಾಯಲ್ಲಿ ಕಡುಬು ತುರುಕಿಕೊಂಡವನ ಹಾಗೆ ಕೂತೆ. ಹೇಳಿದರೆ ಆ ಮುದುಕ ಇಡೀ ಊರಿನ ಅನ್ನ ತಾನೇ ಕೊಂದೆ ಅಂತ ಅಲ್ಲೇ ಕುಸಿಯುತ್ತಿದ್ದ. ಇದು ನಾನು ನನಗೇ ಕೊಟ್ಟುಕೊಂಡ ಸಮಾಧಾನ. ಅದರ ಕೆಳಗೆ ಇನ್ನೊಂದಿತ್ತು. ಮರಿಯನ್ನು ಬಿಸಿಲಲ್ಲಿ ಬಿಟ್ಟ ಮೀನ್ಮೇಷ್ಟ್ರನ್ನು ಯಾವ ಸಂಸ್ಥೆಯೂ ಇಟ್ಟುಕೊಳ್ಳುವುದಿಲ್ಲ.

ಚಿಕ್ಕತಾಯಿ ಎದ್ದು ನಿಂತಳು. ಈ ಸಲ ನನ್ನನ್ನು ನೋಡಿದಳು, ಒಂದೇ ಒಂದು ಕ್ಷಣ. ಬೇಡುವ ನೋಟವೂ ಅಲ್ಲ, ಬೈಯುವುದೂ ಅಲ್ಲ. ಅವತ್ತು ಅಂಗನವಾಡಿಯಲ್ಲಿ 'ಆಮೇಕೇನಾಯ್ತು' ಅಂದಾಗ ಹೇಗೆ ನೋಡಿದ್ದಳೋ ಹಾಗೆ. ನಾನು ನೆಲ ನೋಡಿದೆ. "ತಪ್ಪಾಯ್ತು ಮಾವ," ಅಂದಳು. ತಪ್ಪುಕಾಣಿಕೆಗೆಂದು ವೀಳ್ಯದೆಲೆ, ಕಾಯಿ ತಂದು ಗಂಗಮ್ಮನ ಕಲ್ಲಿನ ಮುಂದೆ ಇಟ್ಟು, ಒದ್ದೆ ಸೀರೆಯಲ್ಲಿ ಮೂರು ಸಲ ಉದ್ದಂಡ ಬಿದ್ದಳು. ಸವಿತಾ ಸ್ಕೂಲ್ ಯೂನಿಫಾರಂನಲ್ಲೇ ಮರದ ಹಿಂದೆ ನಿಂತು ನೋಡುತ್ತಿದ್ದಳು.

ಅವತ್ತು ಸಂಜೆ ಸಂಸ್ಥೆಗೆ ವರದಿ ಬರೆದೆ. ತಾಪಮಾನ ಏರಿದ್ದರಿಂದ ಮರಿಗಳ ಸಾವು ಅಂತ, ನೀಟಾಗಿ. ವಾಹನ ತಡವಾಗಿ ಬಂದದ್ದು ಕಾರಣ ಅಂತ ಸೇರಿಸಿದೆ. ಅರ್ಧ ಸತ್ಯ ಕಾಗದ ಹತ್ತಿ ಪೇಟೆಗೆ ಹೋಯಿತು. ಊರಿಗೆ ಅಷ್ಟೂ ದಕ್ಕಲಿಲ್ಲ.

ಆಮೇಲೆ ಯಾರೂ ಅವಳನ್ನು ಹೊರಗೆ ಹಾಕಲಿಲ್ಲ, ಜಗಳ ಆಡಲಿಲ್ಲ. ಹಾಗೆ ಮಾಡಿದ್ದರೆ ಎದುರಿಸುತ್ತಿದ್ದಳೇನೋ. ಬಲೆ ಹೆಣೆಯುವಾಗ ಅವಳ ಕೈಗೆ ಸೂಜಿ ಕೊಡುವುದು ಬಿಟ್ಟರು. ಹರಿಗೋಲಿಗೆ ಮೊದಲ ಕಾಲು ಅವಳು ಇಡದ ಹಾಗೆ ನೋಡಿಕೊಂಡರು. "ನೀನು ಇರವ್ವ, ನಾವ್ ಓಗ್ತೀವಿ," ಅಂತ ನಯವಾಗಿಯೇ ಹೇಳುತ್ತಿದ್ದರು. ಮೊದಮೊದಲು ಅವಳು ನಗುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಅವಳೇ ಹಿಂದೆ ಸರಿದು ನಿಲ್ಲಲು ಶುರು ಮಾಡಿದಳು.

ಜನವರಿಯಲ್ಲಿ ತೋಳಿನಲ್ಲಿ ಪರೀಕ್ಷೆಗೆಂದು ಬಲೆ ಎಳೆದೆವು. ಮೊಣಕೈಯುದ್ದದ ಹದಿನೇಳು ಕಾಟ್ಲಾ ಬಿದ್ದವು, ತಿಂದುಂಡು ಬೆಳೆದ ಬೆಳ್ಳಿಯಂಥ ಮೀನುಗಳು. ಕಾಟ್ಲಾ ನಿಂತ ನೀರಿನಲ್ಲಿ ಮರಿ ಹಾಕುವುದಿಲ್ಲ. ಬೇಲಿಯ ಕಣ್ಣು ದಾಟಿ ಆಚೆಯಿಂದ ಬರುವ ಹಾಗಿರಲಿಲ್ಲ. ಹದಿನೇಳೂ ಅವಳ ಚೀಲದವು ಅಂತ ನನಗೆ ಗೊತ್ತಾಗಲು ನೋಟ್‌ಬುಕ್ ಬೇಕಿರಲಿಲ್ಲ. "ಅಷ್ಟು ಮುನ್ಸಿಕೊಂಡ್ರೂ ತಾಯಿ ಇಷ್ಟಾದ್ರೂ ಉಳಿಸವ್ಳೆ ನೋಡ್ರಪ್ಪ," ಅಂತ ಕಾಳಯ್ಯ ಮೀನಿಗೆ ಕೈಮುಗಿದ. ಚಿಕ್ಕತಾಯಿಯನ್ನು ಯಾರೂ ಕರೆದಿರಲಿಲ್ಲ. ಅವಳು ದೂರದ ದಿಬ್ಬದ ಮೇಲೆ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ದೇವರು ನನಗೆ ಕೊಟ್ಟ ಎರಡನೆಯ ಅವಕಾಶ ಅದು. ಮೀನಿನ ಉದ್ದ ಅಳೆದು ಬರೆದುಕೊಂಡೆ.

ಹದಿನೇಳು ಮೀನಿಗೆ ಯಾರೂ ನೀರು ಬಿಟ್ಟುಕೊಡುವುದಿಲ್ಲ. ಮಾರ್ಚಿನಲ್ಲಿ ಹಕ್ಕು ವಾಪಸ್ಸಾಯಿತು. ಗುತ್ತಿಗೆದಾರನ ಕಡೆಯವರು ಬಂದು ಕಾಳಯ್ಯನ ಬಲೆಯ ಬೇಲಿಯನ್ನು ಮಚ್ಚಿನಲ್ಲಿ ಕೊಯ್ದು ಎಳೆದರು. ಅದೇ ವಾರ ಚಿಕ್ಕತಾಯಿಯ ಮನೆಗೆ ಬೀಗ ಬಿತ್ತು. ಸವಿತಾಳ ಒಂಬತ್ತನೇ ಕ್ಲಾಸಿನ ಪರೀಕ್ಷೆ ಮುಗಿಯುವವರೆಗೂ ನಾಗರಾಜ ಕಾದದ್ದೇ ಹೆಚ್ಚು. ಜೀಪಿನ ಹಿಂದೆ ಪಾತ್ರೆಗಳ ನಡುವೆ ಕೂತ ಹುಡುಗಿ ನನಗೆ ಕೈಬೀಸಲಿಲ್ಲ. ನನ್ನ ಕೆಲಸ ಉಳಿಯಿತು. ಪಿರಿಯಾಪಟ್ಟಣದ ಕಡೆಗೆ ಹಾಕಿದರು, ಇನ್ನೂ ಮೂರು ವರ್ಷ ಅಲ್ಲಿ ಮೀನು ಸಾಕುವುದನ್ನು ಕಲಿಸಿದೆ. ಅಲ್ಲಿ ಮಾತ್ರ ಗಾಡಿಯಿಂದ ಇಳಿದ ಚೀಲ ನೇರ ನೀರಿಗೇ ಹೋಗಬೇಕು ಅಂತ ಜಗಳವಾಡಿ ನಿಲ್ಲುತ್ತಿದ್ದೆ. ಯಾರ ಖರ್ಚಿನಲ್ಲಿ ಕಲಿತ ಜಾಣತನವೋ.

ಸಸಿಮಡಿಯ ಬದುವಿನಿಂದ ಎದ್ದ ಮಾರನೆಯ ದಿನ ಹೆಂಡತಿಗೆ ಗೊಬ್ಬರ ತರುತ್ತೇನೆ ಅಂತ ಹೇಳಿ ಅಂತರಸಂತೆಯ ಬಸ್ಸು ಹತ್ತಿದೆ. ಕಡವಿನಕೊಪ್ಪಲಿನಲ್ಲಿ ಬೀಗ ಬಿದ್ದ ಮನೆಗಳನ್ನು ಎಣಿಸುವ ಬದಲು ತೆರೆದ ಮನೆಗಳನ್ನು ಎಣಿಸುವುದು ಸುಲಭವಾಗಿತ್ತು. ಕಾಳಯ್ಯ ತೀರಿಕೊಂಡು ಎರಡು ವರ್ಷವಾಗಿತ್ತು. ಚಿಕ್ಕತಾಯಿ ಸಿಗುತ್ತಾಳೆ ಅಂದುಕೊಂಡಿರಲಿಲ್ಲ. ಮಂಡಿನೋವು ಬಂದು ತೋಟದ ಕೆಲಸ ಆಗದೆ ವಾಪಸ್ಸು ಬಂದಿದ್ದಳು, ಜಗುಲಿಯ ಮೇಲೆ ಕಾಲು ನೀಡಿಕೊಂಡು ಹುರುಳಿ ಹಸನು ಮಾಡುತ್ತಿದ್ದಳು. ನನ್ನನ್ನು ಗುರುತು ಹಿಡಿದು, "ಅಯ್ಯೋ, ಮೀನ್ಮೇಷ್ಟ್ರು!" ಅಂತ ಏಳಲು ಹೋಗಿ ಆಗದೆ ಕೂತಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಮದುವೆ ಆಯಿತಾ, ಮಕ್ಕಳೆಷ್ಟು ಅಂತ ಕೇಳಿದಳು. ಒಬ್ಬಳು ಮಗಳು, ನಾಲ್ಕು ವರ್ಷ ಅಂದೆ. "ಚೆಂದಾಗಿರ್ಲಿ," ಅಂದಳು. ಸವಿತಾ ಹೇಗಿದ್ದಾಳೆ ಅಂತ ನಾನು ಕೇಳಿದೆ.

"ಲೈನ್ ಮನೇಲವ್ಳೆ ಸಾ, ಗಂಡನ ಜೊತೆ. ಕಾಫಿ ಕುಯ್ತಾಳೆ. ಈಗ ಏಳು ತಿಂಗ್ಳು."

"ಸೀಮಂತ ಮಾಡಿದಿರಾ?"

"ಆಯ್ತು. ದೇವಮ್ಮನ್ನ ಕರಕೊಂಡೋಗಿ ಅವಳ ಕೈಲಿ ಮಡ್ಲು ತುಂಬಿಸ್ದೆ. ನಾನು ಆಚೆ ನಿಂತ್ಕಂಡಿದ್ದೆ." ಯಾಕೆ ಅಂತ ಅವಳೇ ಹೇಳಿದಳು. "ನನ್ ಕೈ ಸರಿ ಇಲ್ಲ ಸಾ. ಇಡೀ ಊರಿಗೆ ತಟ್ಟಿದ್ದು, ಮಗೀಗೆ ತಟ್ಟಾಕಿಲ್ವಾ?"

ಆಗ ಹೇಳಿದೆ. ಒಂದೇ ಉಸಿರಿಗೆ, ಎಲ್ಲವನ್ನೂ ಹೇಳಿದೆ. ಬಿಸಿಲಿನಲ್ಲಿ ಕಾದ ಚೀಲ, ನಾನು ಅಂದ ಹೂಂ, ಬಂಡೆಯ ಮರೆಯಲ್ಲಿ ಆಳಕ್ಕೆ ಹೋದ ಮರಿಗಳು, ಜನವರಿಯ ಹದಿನೇಳು ಕಾಟ್ಲಾ. ಬದುಕಿದ್ದು ನೀವು ಬಿಟ್ಟವು ಮಾತ್ರ, ಕೊಂದದ್ದು ನಾವು, ನಿಮ್ಮ ಕೈಯಿಂದಲ್ಲವೇ ಅಷ್ಟಾದರೂ ಉಳಿದದ್ದು ಅಂದೆ. ಅಷ್ಟೂ ಹೊತ್ತು ಚಿಕ್ಕತಾಯಿ ಹುರುಳಿಯಲ್ಲಿ ಕೈಯಾಡಿಸದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ತಾಯಿಯ ವಯಸ್ಸಿನವಳ ಹಾಗೆ ತಲೆಯಾಡಿಸಿದಳು.

"ಬುಡಿ ಸಾ. ಅಷ್ಟು ದೂರದಿಂದ ಬಂದು ನನ್ ಸಮಾಧಾನಕ್ಕೆ ಇಷ್ಟೆಲ್ಲ ಯೋಳ್ತಿದ್ದೀರಿ. ನನ್ ಚೀಲದವು ಆಳಕ್ಕೋದದ್ದ ನಾನೂ ಕಂಡಿವ್ನಿ, ಅದ್ಕೇ ತಾಯಿ ಮುನಿದು ಮಿಕ್ಕಿದ್ದ ತಕೊಂಡ್ಳು. ಬಿಸ್ಲು ಕೊಂದದ್ದು ನಿಜ್ವಾಗಿದ್ರೆ ಅವತ್ತು ಮಾವನ ಮುಂದೆ ಯೋಳ್ದೆ ಬುಡ್ತಿದ್ರಾ ನೀವು? ಅಂಥೋರಲ್ಲ."

"ನಿಜ ಚಿಕ್ಕತಾಯಮ್ಮ. ನನ್ನ ಮಗಳ ಆಣೆ..." ಅಂತ ಕೈ ಚಾಚಿದೆ.

ಅವಳು ಗಾಬರಿಯಿಂದ ಮೊರ ಪಕ್ಕಕ್ಕೆ ತಳ್ಳಿ ನನ್ನ ಕೈಯನ್ನು ಹಿಡಿದು ಕೆಳಗಿಳಿಸಿದಳು.

"ಬ್ಯಾಡ ಸಾ, ಬ್ಯಾಡ. ಮಕ್ಕಳೊಂದಿಗರು ನೀವು. ನನಗೋಸ್ಕರ ಸುಳ್ಳಾಣೆ ಇಡಬ್ಯಾಡಿ."